ಹೆರಾಲ್ಡಿನ ನೆಗ್ಗು

ಮೊನ್ನೆ ನಾದಿನಿಯ ಅಪಾರ್ಟ್‌ಮೆಂಟಿಗೆ ಹೋಗಿದ್ದಾಗ ಕೆಳಗಿನ ಪಾರ್ಕಿಂಗಿನಲ್ಲಿ ವಾಚ್‌ಮನ್ ಕೈಗೆ ಸಿಕ್ಕಿಬಿದ್ದೆ. ಕದಿಯುತ್ತಿರಲಿಲ್ಲ. ಯಾರದೋ ಬಿಳಿ ಕಾರಿನ ಬಾಗಿಲನ್ನು ಸವರುತ್ತಿದ್ದೆ, ಅಷ್ಟೆ. ಸೆರಗಿನ ಅಂಚನ್ನು ಅಂಗೈಗೂ ತಗಡಿಗೂ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಯವರೆಗೆ, ಮೆಲ್ಲಗೆ. "ಅಮ್ಮಾ, ಏಂ ಚೇಸ್ತುನ್ನಾರು?" ಎಂದು, ಏನು ಮಾಡುತ್ತಿದ್ದೀರೆಂದು ಅವನು ತೆಲುಗಿನಲ್ಲಿ ಕೂಗಿದಾಗಲೇ ನಾನು ಕಣ್ಣು ತೆರೆದದ್ದು. ಅರವತ್ತು ದಾಟಿದ, ಇಳಕಲ್ ಸೀರೆ ಉಟ್ಟ ಹೆಂಗಸು ಪರರ ಕಾರನ್ನು ಕಣ್ಣು ಮುಚ್ಚಿ ನೇವರಿಸುವುದಕ್ಕೆ ಏನು ಕಾರಣ ಕೊಡಬಹುದು, ನೀವೇ ಹೇಳಿ. ನಾನು ನಿಜವನ್ನೇ ಹೇಳಿದೆ: "ಈ ಬಾಗಿಲು ಎಲ್ಲೋ ಗುದ್ದಿಸಿಕೊಂಡಿದೆ, ನೆಗ್ಗಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ." ಕಾರಿನ ಮಾಲೀಕ ಅಷ್ಟು ಹೊತ್ತಿಗೆ ಲಿಫ್ಟಿನಿಂದ ಇಳಿದು ನಮ್ಮ ಹಿಂದೆಯೇ ನಿಂತಿದ್ದ. ಒಂದು ಗೀರೂ ಇಲ್ಲದ ಗಾಡಿ ಎಂದು ನಂಬಿ ಅದನ್ನು ಆಗಷ್ಟೇ ಸೆಕೆಂಡ್‌ಹ್ಯಾಂಡ್ ಕೊಂಡಿದ್ದನಂತೆ. ಇನ್ನು ಮೇಲೆ ನಾನು ಬರುವ ದಿನ ಗೇಟಿಗೇ ಬಂದು ಕರೆದುಕೊಂಡು ಹೋಗುವುದಾಗಿ ನಾದಿನಿ ತಿಳಿಸಿದ್ದಾಳೆ.

ಈ ಚಟ ನನಗೆ ಅಂಟಿದ್ದು ನಮ್ಮ ಹೆರಾಲ್ಡಿನಿಂದ. ಈಗಿನ ಹುಡುಗರಿಗೆ ಹೆರಾಲ್ಡ್ ಗೊತ್ತಿರಲಿಕ್ಕಿಲ್ಲ. ನಮ್ಮ ಕಾಲಕ್ಕೇ ಅದು ಹಳೆಯ ಕಾರು. ನೀಲಿ ಬಣ್ಣ, ನಾಲ್ಕು ಬಾಗಿಲು, ಸ್ವಲ್ಪ ಮುನಿಸಿಕೊಂಡಂಥ ಮುಖ. ಬೇರೆ ಕಾರುಗಳಲ್ಲಿ ಬಾನೆಟ್ ಎಂಬ ಮುಚ್ಚಳವಷ್ಟೇ ಮೇಲೇಳುತ್ತದೆ. ಇದರಲ್ಲಿ ದೀಪ, ಚಕ್ರದ ಮೇಲಿನ ಫೆಂಡರು, ಮೂತಿ ಎಲ್ಲ ಸೇರಿ ಇಡೀ ಮುಂಭಾಗವೇ ಮುಂದಕ್ಕೆ ಬಗ್ಗುತ್ತಿತ್ತು, ಬಸ್ಸಿಳಿದು ವಾಂತಿ ಮಾಡಿಕೊಳ್ಳುವವರ ಹಾಗೆ. ಮೈಯನ್ನೆಲ್ಲ ಬೋಲ್ಟು ಹಾಕಿ ಜೋಡಿಸಿದ್ದರಿಂದ ಸ್ಪ್ಯಾನರ್ ಇದ್ದ ಯಾರು ಬೇಕಾದರೂ ಅದನ್ನು ಮನೆಯಲ್ಲೇ ಬಿಚ್ಚಬಹುದಿತ್ತು. ದುರದೃಷ್ಟಕ್ಕೆ ನಮ್ಮ ಮನೆಯಲ್ಲಿ ಸ್ಪ್ಯಾನರ್ ಇತ್ತು. ಕೆಲವು ವರ್ಷ ನಮ್ಮ ಮನೆಗೆ ಬಂದವರು ಮಲಗುವ ಕೋಣೆಯಲ್ಲಿ ಕಾರಿನ ಬಾಗಿಲನ್ನೂ, ದೇವರ ಮನೆಯಲ್ಲಿ ಡಿಕ್ಕಿಯ ಮುಚ್ಚಳವನ್ನೂ ನೋಡಿದ್ದಾರೆ. ಮಂಗಳಾರತಿಯ ಹೊತ್ತಿಗೆ ಅದನ್ನು ಯಾರಾದರೂ ಹಿಡಿದುಕೊಂಡು ನಿಲ್ಲಬೇಕಿತ್ತು, ಇಲ್ಲದಿದ್ದರೆ ದೇವರ ಮೇಲೆ ಬೀಳುತ್ತಿತ್ತು.

ಸ್ಪ್ಯಾನರ್ ಹಿಡಿದವರು ನಮ್ಮ ಯಜಮಾನರು. ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಬಾರದೆಂಬ ಮಡಿ ನನಗಿಲ್ಲ, ಆದರೆ ಅವರು ಇದನ್ನು ಓದಿ ಕೆಂಪು ಪೆನ್ನು ತೆಗೆದುಕೊಳ್ಳುತ್ತಾರೆಂಬ ಹೆದರಿಕೆಯಿದೆ. ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ, ಸೈನ್ಯಕ್ಕೆ ಏನೇನೋ ತಯಾರಾಗುವ ಕಡೆ, ಅವರು ಇನ್‌ಸ್ಪೆಕ್ಟರ್ ಆಗಿದ್ದರು. ಪೊಲೀಸರಲ್ಲ. ಬೇರೆಯವರು ಮಾಡಿದ ಸಾಮಾನನ್ನು ಹಿಡಿದು, ತಿರುವಿ, ಅಳೆದು, ಕೊನೆಗೆ ಕೆಂಪು ಸೀಮೆಸುಣ್ಣದಿಂದ ಒಂದು ಗೀಟು ಎಳೆದು "ರಿಜೆಕ್ಟ್" ಎನ್ನುವುದು ಅವರ ಉದ್ಯೋಗ. ಇಡೀ ನೌಕರಿಯಲ್ಲಿ ಅವರು ಒಂದು ಮೊಳೆಯನ್ನೂ ಮಾಡಿದವರಲ್ಲ. ದೇಶ ಸುರಕ್ಷಿತವಾಗಿರುವುದು ತಾವು ಬೇಡವೆಂದ ಸಾಮಾನುಗಳಿಂದಲೇ ಎಂದು ನಂಬಿದ್ದರು.

ಕಾರ್ಖಾನೆ ಅವರಿಗೆ ಈ ಗುಣ ಕಲಿಸಿತೋ, ಗುಣ ನೋಡಿ ಕಾರ್ಖಾನೆ ಕರೆದುಕೊಂಡಿತೋ ಹೇಳಲಾರೆ. ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟರೆ, ಉಪ್ಪಿಟ್ಟು ಚೆಲ್ಲದಂತೆ ತಟ್ಟೆಯನ್ನು ಮೇಲೆತ್ತಿ ಅದರ ತಳ ನೋಡಿದ್ದರು. ನಮ್ಮ ಅಜ್ಜಿ ಒಳಗಿನಿಂದ ಅದನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ಯಾಕೆಂದರೆ ನಮ್ಮ ಮನೆಯಲ್ಲಿ ತಳ ನೋಡಿದರೆ ಮರ್ಯಾದೆ ಉಳಿಯುವಂಥ ಒಂದು ಪಾತ್ರೆಯೂ ಇರಲಿಲ್ಲ. ಬಾಗಲಕೋಟೆ ಕಡೆಯ ನಮ್ಮ ಓಣಿಯಲ್ಲಿ ನಲ್ಲಿಯ ನೀರಿಗಾಗಿ ನಡೆಯುತ್ತಿದ್ದ ಯುದ್ಧದಲ್ಲಿ ಎಲ್ಲರ ಕೊಡಗಳೂ ನೆಗ್ಗುತ್ತಿದ್ದವು. ಅಜ್ಜಿ ಅವುಗಳನ್ನು ನೆಗ್ಗು ಗೋಡೆಯ ಕಡೆಗೆ ಬರುವಂತೆ ಸಾಲಾಗಿ ಇಡುತ್ತಿದ್ದಳು. ಕಲಾಯಿಯವನು ಬಂದಾಗ ಕೊಡದೊಳಗೆ ಸಲಾಕೆ ಇಳಿಸಿ, ಹೊರಗಿನಿಂದ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ನೆಗ್ಗನ್ನು ಉಬ್ಬಿಸುತ್ತಿದ್ದ. "ಟಣ್" ಎಂದು ತಾಮ್ರ ತನ್ನ ಮೊದಲಿನ ಜಾಗಕ್ಕೆ ಹೋಗಿ ಕೂತ ಸದ್ದು ನನಗೆ ಎಷ್ಟು ಇಷ್ಟವಾಗುತ್ತಿತ್ತೆಂದರೆ, ಅವನು ಮತ್ತೆ ಬರಲಿ ಎಂದು ನಾನೇ ಕೊಡ ಬೀಳಿಸುತ್ತೇನೆಂದು ಅಜ್ಜಿಗೆ ಅನುಮಾನವಿತ್ತು. ಅಜ್ಜಿ ಬಹಳ ಬುದ್ಧಿವಂತೆ.

ಎಲ್ಲೋ ಹೋದೆ. ಇನ್‌ಸ್ಪೆಕ್ಟರು ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡದ್ದು ಊರಿಗೆಲ್ಲ ಸಾಫ್ಟ್‌ವೇರ್ ಹುಚ್ಚು ಹಿಡಿದ ಕಾಲದಲ್ಲಿ. ನಾವು ಕೊಂಡಾಪುರದ ಪಕ್ಕದಲ್ಲಿ ಸೈಟು ಕೊಂಡಾಗ ಅಲ್ಲಿ ಬಂಡೆ, ಸೀತಾಫಲದ ಗಿಡ ಮತ್ತು ಹಾವು ಮಾತ್ರ ಇದ್ದವು. ಊರಿನ ನೆಂಟರು ಬಂದವರು "ಅಡವ್ಯಾಗ ಮನಿ ಕಟ್ಟೀರಲ್ರಿ" ಎಂದು ಮರುಕಪಟ್ಟು ಹೋಗಿದ್ದರು. ನೋಡನೋಡುತ್ತಲೇ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸಿದರು. ಕೊರಳಿಗೆ ದಾರದಲ್ಲಿ ಕಾರ್ಡು ತೂಗುಹಾಕಿಕೊಂಡ ಹುಡುಗರು ಗುಂಪುಗುಂಪಾಗಿ ಬಂದಿಳಿದರು. ಸ್ನಾನಕ್ಕಾದರೂ ಆ ಕಾರ್ಡು ತೆಗೆಯುತ್ತಿದ್ದರೋ ಇಲ್ಲವೋ ದೇವರೇ ಬಲ್ಲ. ಅಮೀರ್‌ಪೇಟೆಯ ಕೋಚಿಂಗ್ ಕ್ಲಾಸುಗಳಲ್ಲಿ ಕುರಿಮಂದೆಯಂತೆ ಕೂತು ಎಂಥದೋ ಕೋರ್ಸು ಮುಗಿಸಿ, ಹಾಸ್ಟೆಲಿನ ನೀರುಸಾರು ಕುಡಿದು ಸೊರಗಿ ಬಂದವರು. ಅವರಲ್ಲಿ ಕನ್ನಡದವರು ಬೇಕಾದಷ್ಟು ಮಂದಿ. ಒಂದು ಸಂಜೆ ನಮ್ಮ ಪಕ್ಕದ ಮಹಡಿಯಲ್ಲಿ ಬಾಡಿಗೆಗಿದ್ದ ಸುಹಾಸ ಎಂಬ ಮಂಗಳೂರಿನ ಹುಡುಗ ಕಾಂಪೌಂಡಿನ ಮೇಲಿಂದ ಇಣುಕಿ, "ಆಂಟಿ, ಇದು ಎಂಥದು ಟಪ್ ಟಪ್ ಅಂತ ಶಬ್ದ?" ಎಂದು ಕೇಳಿದ. ಜೋಳದ ರೊಟ್ಟಿ ಬಡಿಯುವ ಸದ್ದು ಎಂದೆ. ಅವನು ಜನ್ಮದಲ್ಲಿ ಜೋಳದ ರೊಟ್ಟಿ ತಿಂದವನಲ್ಲ. ಒಂದು ಕೊಟ್ಟೆ, ಬದನೆಯ ಎಣಗಾಯಿ ಪಲ್ಯದ ಜೊತೆಗೆ. ಮಾರನೆಯ ದಿನ ಅವನ ಜೊತೆ ಹುಬ್ಬಳ್ಳಿಯವನೊಬ್ಬ ಬಂದ. ಆಮೇಲೆ ನಮ್ಮ ವರಾಂಡದಲ್ಲಿ ಚಪ್ಪಲಿ ಇಡಲು ಜಾಗ ಇಲ್ಲದಂತಾಯಿತು.

ಆಗ ನನಗೆ ಆಸೆ ಹುಟ್ಟಿತು. ಒಂದು ಖಾನಾವಳಿ ಇಡಬೇಕು. ರೊಟ್ಟಿ, ಪುಂಡಿಪಲ್ಯ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಬಾಗಿಲಿಗೆ ನನ್ನ ಹೆಸರಿನ ಬೋರ್ಡು. ಮದುವೆಯಾದಾಗಿನಿಂದ ಒಬ್ಬ ಇನ್‌ಸ್ಪೆಕ್ಟರಿಗೆ ಬಡಿಸಿ, "ಉಪ್ಪು ಅರ್ಧ ಚಿಟಿಕಿ ಹೆಚ್ಚಾಗೇತಿ" ಎಂಬ ವರದಿ ಕೇಳಿಕೊಂಡು ಬಂದ ನನಗೆ, ತಟ್ಟೆ ನೆಕ್ಕಿ "ಇನ್ನೊಂದು ಹಾಕ್ರಿ" ಎನ್ನುವ ಬಾಯಿಗಳನ್ನು ನೋಡಿ ತಲೆ ತಿರುಗಿತ್ತು. ಬೇಕಾದದ್ದು ಜಾಗ. ಜಾಗ ಇತ್ತು: ಅಂಗಳದ ಆಚೆ ತಗಡಿನ ಮಾಡು ಹಾಕಿದ ದೊಡ್ಡ ಶೆಡ್ಡು. ಆದರೆ ಶೆಡ್ಡಿನಲ್ಲಿ ಹೆರಾಲ್ಡ್ ಇತ್ತು, ಹೆರಾಲ್ಡಿನ ಕೆಳಗೆ ನಮ್ಮ ಯಜಮಾನರಿದ್ದರು.

ನಿವೃತ್ತಿಯ ಮರುದಿನದಿಂದಲೇ ಅವರು ಶೆಡ್ಡನ್ನು ಕಾರ್ಖಾನೆ ಮಾಡಿಕೊಂಡಿದ್ದರು. ಬೆಳಿಗ್ಗೆ ಮೊದಲಿನ ಹೊತ್ತಿಗೇ ಸ್ನಾನ, ನಾಷ್ಟಾ ಮುಗಿಸಿ, ಟಿಫಿನ್ ಡಬ್ಬಿ ಹಿಡಿದುಕೊಂಡು, "ಬರ್ತೀನಿ" ಎಂದು ನನಗೆ ಹೇಳಿ, ಅಂಗಳ ದಾಟಿ ಶೆಡ್ಡಿಗೆ ಹೋಗುತ್ತಿದ್ದರು. ಮಧ್ಯಾಹ್ನ ಡಬ್ಬಿಯನ್ನು ಅಲ್ಲೇ ಬಿಚ್ಚಿ ಊಟ. ಬಿಸಿ ಅನ್ನ ಒಳಗಿದೆ, ಬನ್ನಿ ಎಂದರೆ "ಡ್ಯೂಟಿ ಮ್ಯಾಲ ಅದೀನಿ" ಎನ್ನುತ್ತಿದ್ದರು. ಶೆಡ್ಡು ಬಿಡಿ ಎಂದಾಗಲೆಲ್ಲ ಒಂದೇ ಉತ್ತರ: "ಬಾಡಿ ಕೆಲಸ ಮುಗೀಲಿ ಸರೋಜಾ. ಛಂದ ಮಾಡಿ ಮಾರಿಬಿಡ್ತೀನಿ. ಹಿಂಗ ಕೊಟ್ರ ತೂಕಕ್ಕ ತಗೋತಾರ." ಕೊಳ್ಳುವವನೂ ಮನೆಯೊಳಗೇ ಸಿಕ್ಕಿದ್ದ. ಸುಹಾಸನಿಗೆ ಹಳೆಯ ಕಾರಿನ ಹುಚ್ಚು. ರೊಟ್ಟಿ ತಿಂದು ಕೈ ತೊಳೆದವನೇ ಶೆಡ್ಡಿಗೆ ಹೋಗಿ, "ಅಂಕಲ್, ಕೆಲಸ ಮುಗಿದ ದಿನ ನಾನು ತಗೊಂಡು ಹೋಗ್ತೇನೆ ಮಾರಾಯ್ರೆ" ಎನ್ನುತ್ತಿದ್ದ. ಒಟ್ಟಿನಲ್ಲಿ ಅವನಿಗೆ ಕಾರು, ನನಗೆ ಶೆಡ್ಡು. ನಡುವೆ ಉಳಿದದ್ದು ಬಾಡಿ ಕೆಲಸ ಮಾತ್ರ.

ನೆಗ್ಗಿದ ತಗಡನ್ನು ತಟ್ಟಿ ಸರಿಮಾಡುವ, ನಮ್ಮ ಕಡೆ ಟಿಂಕರಿಂಗ್ ಎನ್ನುವ ಈ ಕೆಲಸಕ್ಕೆ ಹೈದರಾಬಾದಿನಲ್ಲಿ ಡೆಂಟಿಂಗ್ ಎನ್ನುತ್ತಾರೆ. ಮೊದಮೊದಲು ಯೂಸುಫ್ ಮಿಯಾ ಎಂಬ ಡೆಂಟರನನ್ನು ಕರೆಸಿದ್ದುಂಟು. ಆತ ಒಂದು ಬಾಗಿಲನ್ನು ಚೊಕ್ಕವಾಗಿ ತಟ್ಟಿ ಮುಗಿಸಿದ. ನಮ್ಮವರು ಸ್ಕೇಲು ಇಟ್ಟು ನೋಡಿ ಕೆಂಪು ಗೀಟು ಎಳೆದರು. ಮತ್ತೆ ತಟ್ಟಿದ. ಮತ್ತೆ ಗೀಟು. ಮೂರನೆಯ ಸಲಕ್ಕೆ ಮಿಯಾ ಸುತ್ತಿಗೆ ಕೆಳಗಿಟ್ಟು, "ಸಾಬ್, ಗಾಡಿ ಬನಾರೆ ಕೀ ರಾಕೆಟ್ ಬನಾರೆ?" ಎಂದು, ಕಟ್ಟುತ್ತಿರುವುದು ಗಾಡಿಯನ್ನೋ ರಾಕೆಟ್ಟನ್ನೋ ಎಂದು ಕೇಳಿ, ನನ್ನ ಕೈಯಿಂದ ಒಂದು ಲೋಟ ಚಹಾ ಕುಡಿದು, ನನ್ನನ್ನು ಕನಿಕರದಿಂದ ನೋಡಿ ಹೊರಟುಹೋದ. ಅಲ್ಲಿಂದ ಮುಂದೆ ಎಲ್ಲವೂ ಸ್ವಂತ ಕೈಯಿಂದ. ಕೋಠಿಯ ಹಳೇ ಪುಸ್ತಕದ ಸಾಲಿನಿಂದ ಒಂದು ದಪ್ಪ ರಿಪೇರಿ ಪುಸ್ತಕ ಹೊತ್ತು ತಂದರು. ಅದು ಹೆರಾಲ್ಡಿನದಲ್ಲ, ಯಾವುದೋ ಟ್ರ್ಯಾಕ್ಟರಿನದು ಎಂದು ಅರ್ಧ ಓದಿದ ಮೇಲೆ ಗೊತ್ತಾಯಿತು. ಆದರೂ ಕೊನೆಯವರೆಗೆ ಓದಿದರು. ಅದರಲ್ಲಿದ್ದ ತಪ್ಪುಗಳನ್ನು ತಿದ್ದಿದರು.

ತಗಡನ್ನು ಬಡಿಯುವಾಗ ಅದರ ಕೆಳಗೆ ಮರಳಿನ ಚೀಲ ಇಟ್ಟುಕೊಳ್ಳಬೇಕಂತೆ. ಆಗ ತಗಡು ಹರಿಯದೆ ಮೆತ್ತಗೆ ತಗ್ಗುತ್ತದೆ, ಉಬ್ಬುತ್ತದೆ. ಗಾಜಿನ ಕಟ್ಟಡಗಳಿಗೆ ಮರಳು ಸಾಲದೆ ಲಾರಿಗಳು ಒದ್ದಾಡುತ್ತಿದ್ದ ಕಾಲವದು, ನಮಗೆಲ್ಲಿ ಸಿಗಬೇಕು? ನಮ್ಮವರು ಸುತ್ತ ನೋಡಿದರು. ಶೆಡ್ಡಿನ ಮೂಲೆಯಲ್ಲಿ ನಮ್ಮಣ್ಣ ಊರಿನಿಂದ ಕಳಿಸಿದ ವರ್ಷದ ಜೋಳದ ಚೀಲಗಳಿದ್ದವು. ನಾನು ನೋಡುವ ಹೊತ್ತಿಗೆ ಒಂದು ಇಡೀ ಚೀಲ ಹೆರಾಲ್ಡಿನ ನಾಲ್ಕೂ ಬಾಗಿಲುಗಳ ಪೆಟ್ಟು ತಿಂದು ಮುಗಿಸಿತ್ತು. ಮೇಲಿನ ಗೋಣಿ ಹರಿದು ಹಳೆಯ ಬಣ್ಣದ ಹಕ್ಕಳೆ ಒಳಗೆ ಸೇರಿದ್ದು ತಿಳಿಯದೆ ನಾನು ಅದನ್ನೇ ಗಿರಣಿಗೆ ಕಳಿಸಿ ಬೀಸಿಸಿದೆ. ಆ ವಾರ ಹಿಟ್ಟಿಗೆ ಜಿಗಿಯೇ ಬರಲಿಲ್ಲ. ರೊಟ್ಟಿ ಬಡಿದರೆ ಅಂಚು ಸೀಳಿ ಆಂಧ್ರದ ನಕ್ಷೆಯಾಗುತ್ತಿತ್ತು. ಸುಹಾಸ ತುಂಡನ್ನು ತಿರುವಿ ತಿರುವಿ ನೋಡಿ, ಕೊನೆಗೆ ಮರ್ಯಾದೆಯಿಂದ, "ಆಂಟಿ, ಬೇಜಾರು ಮಾಡಬೇಡಿ, ರೊಟ್ಟಿಯಲ್ಲಿ ಎಂಥದೋ ನೀಲಿ ಉಂಟು" ಎಂದ. ಆ ರಾತ್ರಿಯ ಊಟದಲ್ಲಿ ನಾನು ಯಜಮಾನರಿಗೆ ಆ ರೊಟ್ಟಿಗಳನ್ನೇ ಬಡಿಸಿದೆ. ಒಂದು ತುಂಡು ಬೆಳಕಿಗೆ ಹಿಡಿದು ನೋಡಿ, "ಅಂಚು ಸೀಳೈತಿ. ರಿಜೆಕ್ಟ್" ಎಂದರು. ಕೈಯಲ್ಲಿ ಲಟ್ಟಣಿಗೆ ಇರಲಿಲ್ಲ, ಅದೊಂದೇ ಕಾರಣಕ್ಕೆ ನಮ್ಮ ಸಂಸಾರ ಉಳಿಯಿತು.

ಇಷ್ಟಾದರೂ ಕೆಲಸ ಸಾಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಸಾಗುತ್ತಿರಲಿಲ್ಲ. ಅವರ ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು: ಮಾಡಿದವನೇ ಅದನ್ನು ತಪಾಸಣೆ ಮಾಡುವಂತಿಲ್ಲ. ಮಾಡುವವನು ಬೇರೆ, ನೋಡುವವನು ಬೇರೆ. ಇಲ್ಲಿ ಇಬ್ಬರೂ ಒಬ್ಬರೇ ಆದ್ದರಿಂದ ಅವರು ಒಂದು ಉಪಾಯ ಕಂಡುಕೊಂಡಿದ್ದರು. ಹಗಲೆಲ್ಲ ಹರಿದ ಬನಿಯನ್ನಿನಲ್ಲಿ ಕೆಲಸ. ಸಂಜೆ ಮೈ ತೊಳೆದು, ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ಶೆಡ್ಡಿಗೆ ಮತ್ತೆ ಬರುತ್ತಿದ್ದರು. ಹಗಲು ಕೆಲಸ ಮಾಡಿದ ಮನುಷ್ಯ ಯಾರೋ ಗೊತ್ತೇ ಇಲ್ಲವೆಂಬಂತೆ ಸುತ್ತಲೂ ನೋಡಿ, ಕನ್ನಡಕ ಏರಿಸಿ, "ಯಾಂವ ಮಾಡ್ಯಾನ ಇದನ್ನ?" ಎಂದು ಕೇಳುತ್ತಿದ್ದರು. ಶೆಡ್ಡಿನಲ್ಲಿ ಉತ್ತರ ಕೊಡಲು ಬೆಕ್ಕಿನ ಹೊರತು ಯಾರೂ ಇರುತ್ತಿರಲಿಲ್ಲ. ಕೆಂಪು ಗೀಟು ಬೀಳುತ್ತಿತ್ತು. ಮರುದಿನ ಬನಿಯನ್ನಿನ ಮನುಷ್ಯ ಬಂದು ಆ ಗೀಟು ನೋಡಿ, ಅಂಗಿಯ ಮನುಷ್ಯನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ನಾನು ಅಡುಗೆಮನೆಯ ಕಿಟಕಿಯಿಂದ ಇಬ್ಬರನ್ನೂ ನೋಡಿ, ಯಾರ ಪರ ವಹಿಸಬೇಕೆಂದು ತಿಳಿಯದೆ ಒಗ್ಗರಣೆ ಸೀಯಿಸಿದ್ದೇನೆ.

ಬಾಗಿಲುಗಳು, ಬಾನೆಟ್ಟು, ಡಿಕ್ಕಿ ಹೇಗೋ ದಡ ಸೇರಿದವು. ಉಳಿದದ್ದು ಹಿಂದಿನ ಎಡಗಡೆಯ ಫೆಂಡರು. ಅದರ ನೆಗ್ಗು ಹಳೆಯದು, ನಮ್ಮವರೇ ಗಾಡಿ ಹಿಂದಕ್ಕೆ ತೆಗೆಯುವಾಗ ನಮ್ಮದೇ ಗೇಟಿನ ಕಂಬಕ್ಕೆ ಕೊಟ್ಟು ತಂದದ್ದು. ಅದೊಂದು ಮಾತ್ರ ಎಷ್ಟು ಸಲ ಮಾಡಿದರೂ ಸಂಜೆಯ ಅಂಗಿಗೆ ಒಪ್ಪಿಗೆಯಾಗಲೇ ಇಲ್ಲ. ಇದು ಕೆಲಸದ ದೋಷವಲ್ಲ, ಗಾಡಿ ಬಿಡಲು ಮನಸ್ಸಿಲ್ಲದವರ ಆಟ ಎಂದು ನನಗೆ ಅನುಮಾನ ಬಂತು. ಅಷ್ಟರಲ್ಲಿ ಸುಹಾಸ ಬೇರೊಂದು ಹಳೆಯ ಗಾಡಿ ನೋಡಿ ಬಂದಿದ್ದಾನೆಂದೂ, ಹುಡುಗರೆಲ್ಲ ಸೇರಿ ಹೊಸದಾಗಿ ತೆರೆದ ಮೆಸ್ಸೊಂದಕ್ಕೆ ಹೋಗುವ ಮಾತಾಡುತ್ತಿದ್ದಾರೆಂದೂ ಕಿವಿಗೆ ಬಿತ್ತು. ವರಾಂಡದಲ್ಲಿ ಮೊಣಕಾಲು ಮಡಿಸಿ, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರ ತಟ್ಟೆ ಇಟ್ಟುಕೊಂಡು ಅವರಾದರೂ ಎಷ್ಟು ದಿನ ಉಂಡಾರು? ನನ್ನ ಖಾನಾವಳಿ ಹುಟ್ಟುವ ಮೊದಲೇ ಸಾಯುವುದರಲ್ಲಿತ್ತು. ಒಲೆ ಆರಿಸಿದೆ. ನೇರ ಶೆಡ್ಡಿಗೆ ಹೋದೆ.

"ಏನ್ರಿ, ನಿಮ್ಮ ಕಾನೂನಿನ ಪ್ರಕಾರ ಮಾಡೋರು ಬ್ಯಾರೆ, ನೋಡೋರು ಬ್ಯಾರೆ ಇರಬೇಕಲ್ಲ?"

"ಹೌದು."

"ಹಂಗಾದ್ರ ಈ ಫೆಂಡರ್ ನಾ ಮಾಡ್ತೀನಿ. ನೀವು ಬರೇ ನೋಡ್ರಿ. ಪಾಸಾತಂದ್ರ ಗಾಡಿ ಸುಹಾಸಂದು, ಶೆಡ್ ನಂದು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಾನೂನು ಅವರದೇ, ಇಲ್ಲ ಎನ್ನುವಂತಿರಲಿಲ್ಲ. "ಪಾಸಾಗಲಿಕ್ಕಂದ್ರ?" ಎಂದು ಕೇಳಿದರು.

"ಆಗಲಿಕ್ಕಂದ್ರ ಖಾನಾವಳಿ ಮಾತು ನಾ ಮತ್ತ ಎತ್ತಂಗಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಮಾತ್ರ ಎಷ್ಟೋ ದಿನಗಳ ನಂತರ ಖುಷಿಯಾಗಿ ನಕ್ಕರು. ನಾನು ಸೋಲುತ್ತೇನೆಂದು ಅವರಿಗೆ ಖಾತ್ರಿಯಿತ್ತು.

ಹೀಗೆ ನಾನು ಡೆಂಟರಳಾದೆ. ಹಳೆಯ ಪುಟ್ಟಿಯನ್ನೆಲ್ಲ ಕೆರೆದು ತೆಗೆದರೆ ಒಳಗೆ ನೆಗ್ಗು ತಟ್ಟೆಯಷ್ಟು ಅಗಲ ಬಾಯಿ ತೆರೆದು ಕೂತಿತ್ತು. ಒಳಕಲ್ಲಿನ ಗುಂಡನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಒಳಗಿನಿಂದ ಒತ್ತಿ ಹಿಡಿದು, ಹೊರಗಿನಿಂದ ಸುತ್ತಿಗೆಯಿಂದ ಸಣ್ಣಗೆ ತಟ್ಟಿದೆ. ಕಲಾಯಿಯವನು ನೆನಪಾದ. ಸಂಜೆಯ ಹೊತ್ತಿಗೆ ತಗಡು "ಟಣ್" ಎಂದಿತು, ನಾನು ಶೆಡ್ಡಿನಲ್ಲಿ ಒಬ್ಬಳೇ ಕೂತು ಹುಡುಗಿಯ ಹಾಗೆ ನಕ್ಕೆ. ಆಮೇಲೆ ಪುಟ್ಟಿ. ಅದಕ್ಕೆ ಗಟ್ಟಿ ಮಾಡುವ ಒಂದು ಮುಲಾಮು ಬೆರೆಸಬೇಕು. ಹೆಚ್ಚಾದರೆ ಕ್ಷಣದಲ್ಲಿ ಕಲ್ಲು, ಕಡಿಮೆಯಾದರೆ ವಾರವಾದರೂ ಹಸಿ. ಮೊದಲ ದಿನ ಕೈ ಭಾರವಾಗಿ ಇಡೀ ಮುದ್ದೆ ನಾನು ಹಿಟ್ಟು ಕಲಸುವ ಪರಾತದಲ್ಲೇ ಗಟ್ಟಿಯಾಗಿ ಕೂತಿತು, ಅದನ್ನು ಬಿಡಿಸಲು ಹೋಗಿ ಪರಾತವೇ ನೆಗ್ಗಿತು. ಎರಡನೆಯ ದಿನದಿಂದ ಹದ ಸಿಕ್ಕಿತು. ತೆಳು ತಗಡಿನ ಪತ್ತಿಯಿಂದ ಬಳಿಯಬೇಕೆಂದು ಪದ್ಧತಿ. ನಾನು ಅಂಗೈಯಿಂದ ತಟ್ಟಿದೆ. ಇಷ್ಟು ವರ್ಷ ರೊಟ್ಟಿ ಬಡಿದ ಕೈಗೆ ಎಲ್ಲಿ ದಪ್ಪ, ಎಲ್ಲಿ ತೆಳುವು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಹವಾಯಿ ಚಪ್ಪಲಿಯ ತುಂಡಿಗೆ ಉಪ್ಪುಕಾಗದ ಸುತ್ತಿ, ನೀರು ಹಾಕಿ ಹಾಕಿ ತಿಕ್ಕಿದೆ. ಊಟಕ್ಕೆ ಬಂದ ಹುಡುಗರು ನನ್ನ ಮುಖದ ತುಂಬ ಬಿಳಿ ಧೂಳು ನೋಡಿ, ಆಂಟಿ ಅಂಕಲ್ ಜೊತೆ ಜಗಳವಾಡಿ ನಾಟಕದ ಕಂಪನಿ ಸೇರಿದ್ದಾರೆಂದು ಮಾತಾಡಿಕೊಂಡರಂತೆ.

ಪುಟ್ಟಿಯ ಹಂತಕ್ಕೆ ಬಂದ ಮೇಲೆ ಇನ್‌ಸ್ಪೆಕ್ಟರು ಒಂದು ಸ್ಟೂಲು ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತಿದ್ದರು. ಮಾಡುವವರಿಗೆ ಸಹಾಯ ಮಾಡುವಂತಿಲ್ಲ, ತರಬೇತಿ ಕೊಡಬಹುದು ಎಂದು ತಾವೇ ಒಂದು ತಿದ್ದುಪಡಿ ತಂದುಕೊಂಡರು. ಕರವಸ್ತ್ರವನ್ನು ತಗಡಿನ ಮೇಲೆ ಹಾಸಿ, ನನ್ನ ಕೈಯನ್ನು ಅದರ ಮೇಲಿಟ್ಟು, "ಕಣ್ಣು ಮುಚ್ಚು. ನೋಡಬ್ಯಾಡ. ನೋಡಿದ್ರ ಎಲ್ಲಾ ಛಂದನ ಕಾಣತೈತಿ" ಎಂದರು. ಬಟ್ಟೆಯ ಮೇಲೆ ಕೈ ಜಾರಿದಂತೆ, ಕಣ್ಣಿಗೆ ಕಾಣದ ತಗ್ಗು ದಿಬ್ಬಗಳು ಒಂದೊಂದೇ ಅಂಗೈಗೆ ತಾಗತೊಡಗಿದವು. ಅವರ ಕೈ ನನ್ನ ಕೈ ಮೇಲೆಯೇ ಇತ್ತು. ಮದುವೆಯಾದ ಹೊಸದರಲ್ಲಿಯೂ ನಾವು ಇಷ್ಟು ಹೊತ್ತು ಕೈ ಹಿಡಿದುಕೊಂಡು ಕೂತದ್ದು ನನಗೆ ನೆನಪಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಆ ಕೆಲಸ ಹಿಡಿಸಿತು. ಎಣ್ಣೆಯ ವಾಸನೆಯ ಆ ಶೆಡ್ಡೂ ಹಿಡಿಸಿತು. ಹಾಗೆಂದು ಅದನ್ನು ಬಿಟ್ಟುಕೊಡುವ ಮನಸ್ಸೇನೂ ಇರಲಿಲ್ಲ.

ಒಂದು ಮಧ್ಯಾಹ್ನ ಡಬ್ಬಿಯಲ್ಲಿದ್ದ ರೊಟ್ಟಿಯನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದಾಗ ಅವರು ಇದ್ದಕ್ಕಿದ್ದಂತೆ, "ಗಾಡಿ ಹೋತಂದ್ರ ನಾ ಮುಂಜಾನೆದ್ದು ಎಲ್ಲಿಗೆ ಹೋಗ್ಲಿ ಸರೋ?" ಎಂದು ಕೇಳಿದರು.

"ಗುಡಿಗೆ ಹೋಗ್ರಿ. ನಿಮ್ಮ ವಯಸ್ಸಿನವರೆಲ್ಲ ಹೋಗ್ತಾರ."

"ಅಲ್ಲಿ ನೋಡಾಕ ಏನೈತಿ? ಮೂರ್ತಿ ಎಲ್ಲಾ ಮೊದಲ ಪಾಸಾಗಿ ಕುಂತಿರತಾವ."

ಇಬ್ಬರೂ ನಕ್ಕೆವು. ಆದರೆ ಅವರು ಡಬ್ಬಿ ಮುಚ್ಚುವಾಗ ಮುಚ್ಚಳವನ್ನು ತಿರುಗುಮುರುಗಾಗಿ ಹಾಕಿದರು. ಅಷ್ಟು ವರ್ಷದಲ್ಲಿ ಅವರ ಕೈಯಿಂದ ಅಂಥ ತಪ್ಪು ಆದದ್ದನ್ನು ನಾನು ನೋಡಿರಲಿಲ್ಲ. ನಾನು ಅದನ್ನು ತೆಗೆದು ಸರಿಯಾಗಿ ಹಾಕಿದೆ. ಆದರೂ ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಪ್ರೈಮರ್ ಹೊಡೆದೆವು, ನೀಲಿ ಬಣ್ಣ ಹೊಡೆದೆವು. ಹೊಡೆದದ್ದು ನಾನು, ಪಂಪಿನ ಸದ್ದಿಗೆ ಬೈದದ್ದು ಪಕ್ಕದ ಮನೆಯವರು. ಬಣ್ಣ ಒಣಗಿದ ದಿನ ತಪಾಸಣೆ. ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನು ಶೆಡ್ಡಿಗೆ ಹೋಗಿ ನೋಡಿದೆ. ಫೆಂಡರು ಹೊಸ ಮದುಮಗನ ಮುಖದಂತೆ ಮಿರುಗುತ್ತಿತ್ತು. ಸೆರಗು ಹಾಸಿ, ಕಣ್ಣು ಮುಚ್ಚಿ ಸವರಿದೆ. ಚಕ್ರದ ಕಮಾನಿನ ಮೇಲೆ, ಸ್ವಲ್ಪ ಹಿಂದಕ್ಕೆ, ಕೈ ಇಳಿಯಿತು. ಮತ್ತೆ ಸವರಿದೆ. ಮತ್ತೆ ಇಳಿಯಿತು. ಚಮಚದ ಹೊಟ್ಟೆಯಷ್ಟು ತಗ್ಗು. ಬಿಸಿಲಿಗೆ ಹಿಡಿದರೂ ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೆ ನೋಡುವವರು ಯಾರು? ಬೇರೆಯವರ ಸಾಮಾನಿನಲ್ಲಿ ಕೂದಲಿನಷ್ಟು ಅಂತರ ಹಿಡಿದು ಲಾರಿಗಟ್ಟಲೆ ಮಾಲು ವಾಪಸು ಕಳಿಸಿದ ಮನುಷ್ಯ. ಖಾನಾವಳಿಯ ಕತೆ ಮುಗಿಯಿತೆಂದುಕೊಂಡು ಒಳಗೆ ಹೋಗಿ, ಹಿಟ್ಟು ಕಲಸಿಕೊಂಡು, ಆ ದಿನ ರೊಟ್ಟಿಗಳನ್ನು ಅಗತ್ಯಕ್ಕಿಂತ ಜೋರಾಗಿ ಬಡಿದೆ.

ಸಂಜೆ ಹುಡುಗರೆಲ್ಲ ಬಂದು ಕಾಂಪೌಂಡಿನ ಮೇಲೆ ಸಾಲಾಗಿ ಕೂತರು. ಯಾರು ಹೇಳಿದ್ದರೋ, ಎಲ್ಲರಿಗೂ ವಿಷಯ ಗೊತ್ತಿತ್ತು. ಸುಹಾಸ ಮಾತ್ರ ಶೆಡ್ಡಿನ ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದ. ಇನ್‌ಸ್ಪೆಕ್ಟರು ಬಿಳಿ ಅಂಗಿ ತೊಟ್ಟು ಬಂದರು. ಪೆನ್ನಿನ ಪಕ್ಕದಲ್ಲಿ ಕೆಂಪು ಸೀಮೆಸುಣ್ಣದ ತುದಿ ಕಾಣುತ್ತಿತ್ತು. ನನ್ನ ಕಡೆ ನೋಡಲಿಲ್ಲ, ಹುಡುಗರ ಕಡೆ ನೋಡಲಿಲ್ಲ. ಕನ್ನಡಕ ತೆಗೆದು ಜೇಬಿಗಿಟ್ಟರು. ಕರವಸ್ತ್ರ ಬಿಡಿಸಿ ಹಾಸಿ, ಕಣ್ಣು ಮುಚ್ಚಿ, ಹಿಂದಿನ ದೀಪದ ಕಡೆಯಿಂದ ಶುರು ಮಾಡಿದರು. ಕೈ ಮೆಲ್ಲಗೆ ಬಂತು. ಕಮಾನಿನ ಮೇಲೆ ಬಂತು. ನಿಂತಿತು.

ಹಿಂದಕ್ಕೆ ಹೋಯಿತು. ಮತ್ತೆ ಬಂತು. ಮತ್ತೆ ಅಲ್ಲಿಯೇ ನಿಂತಿತು.

"ಎಂಥ ಆಯ್ತು ಅಂಕಲ್?" ಎಂದ ಸುಹಾಸ.

ಅವರು ಕಣ್ಣು ತೆರೆದರು. ಜೇಬಿನಿಂದ ಸೀಮೆಸುಣ್ಣ ತೆಗೆದರು. ಅದನ್ನು ಬೆರಳುಗಳ ನಡುವೆ ಸ್ವಲ್ಪ ಹೊತ್ತು ಹೊರಳಿಸಿ, ಮತ್ತೆ ಜೇಬಿಗೇ ಹಾಕಿಕೊಂಡು, "ಪಾಸ್" ಎಂದರು.

ಹುಡುಗರು ಕಾಂಪೌಂಡಿನಿಂದ ಧುಮುಕಿ ಕೂಗಾಡಿದರು. ಸುಹಾಸ ಹೆರಾಲ್ಡಿನ ಮಾಡಿನ ಮೇಲೆ ತಬಲಾ ಬಾರಿಸಿದ. ಆ ಗದ್ದಲದಲ್ಲಿ ನಾನು ಅವರ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, "ಅಲ್ಲೆ ತಗ್ಗೈತಲ್ರಿ?"

"ಐತಿ" ಎಂದರು.

ನಿವೃತ್ತಿಯ ದಿನ ಅವರಿಗೆ ಹಾರ ಹಾಕಿದ ಮೇಲಧಿಕಾರಿ, ಈ ಮನುಷ್ಯನ ಕೈ ತಪ್ಪಿಸಿ ಒಂದೇ ಒಂದು ಕೆಟ್ಟ ಸಾಮಾನೂ ಗೇಟು ದಾಟಿಲ್ಲ ಎಂದು ಹೊಗಳಿದ್ದ. ಈಗ ಒಂದು ದಾಟಲಿತ್ತು. ನಾನು ಸೆರಗಿನಿಂದ ಆ ತಗ್ಗಿನ ಮೇಲಿನ ಧೂಳು ಒರೆಸಿದೆ. ಅವರು ಶೆಡ್ಡಿನ ಸುತ್ತ ಒಮ್ಮೆ ಕಣ್ಣಾಡಿಸಿದರು.

"ಒಲಿ ಯಾವ ಮೂಲ್ಯಾಗ ಇಡಾಕಿ? ಗಾಳಿ ಈ ಕಡಿಂದ ಬರತೈತಿ ನೋಡು."

ನಾನು ಕಿಟಕಿಯ ಪಕ್ಕದ ಮೂಲೆ ತೋರಿಸಿದೆ. ಅವರು ಅಲ್ಲಿಗೆ ಹೋಗಿ, ನಮ್ಮೆಲ್ಲರಿಗೂ ಬೆನ್ನು ಮಾಡಿ, ಬರಿಯ ಗೋಡೆಯನ್ನು ಬಹಳ ಹೊತ್ತು ನೋಡುತ್ತ ನಿಂತರು.